ಅನಿತಾ ಮುಯಿ: ಹಾಂಗ್‌ಕಾಂಗ್ ತಲೆಬಾಗಿದ ದನಿ

ಶಾಲೆಗೆ ಹೋಗೋ ವಯಸ್ಸಲ್ಲೇ ಅಕ್ಕನ ಜೊತೆ ಸ್ಟೇಜ್ ಹತ್ತಿದವರು ಅನಿತಾ ಮುಯಿ. ಹಾಂಗ್‌ಕಾಂಗ್‌ನ ಲಾಯ್ ಚೀ ಕೋಕ್ ಅಮ್ಯೂಸ್‌ಮೆಂಟ್ ಪಾರ್ಕ್‌ನಲ್ಲಿ ಹಾಡಿದ್ರೇನೇ ಮನೆ ನಡೀತಿತ್ತು. 1982ರಲ್ಲಿ ಹೊಸ ಗಾಯಕರ ಸ್ಪರ್ಧೆ ಗೆದ್ದಾಗ ಅವರಿಗಿನ್ನೂ 18.

ಅವರದ್ದು ಕೋಗಿಲೆ ಕಂಠ ಅಲ್ಲ. ತಗ್ಗಿನ, ತುಸು ಗಡಸಾದ ದನಿ. ಅದರಲ್ಲೇ ಕ್ಯಾಂಟನೀಸ್ ಪಾಪ್ ಆಳಿದ್ರು. ವೇದಿಕೆ ಮೇಲೆ ಒಮ್ಮೆ ಗಂಡಸರ ಸೂಟು, ಒಮ್ಮೆ ಮೈತುಂಬಾ ಮಿಂಚು.

ಆದ್ರೆ ನಟಿ ಅನಿತಾ ಗೊತ್ತಾಗ್ಬೇಕಾದ್ರೆ ಸ್ಟ್ಯಾನ್ಲಿ ಕ್ವಾನ್ ನಿರ್ದೇಶನದ ‘ರೂಜ್’ ನೋಡಲೇಬೇಕು. 1930ರ ದಶಕದ ವೇಶ್ಯೆಯೊಬ್ಬಳು ದೆವ್ವವಾಗಿ, ಐವತ್ತು ವರ್ಷದ ಮೇಲೆ ಪ್ರಿಯಕರನನ್ನ ಹುಡುಕ್ಕೊಂಡು ಬರ್ತಾಳೆ. ಕಿರುಚಾಟ ಇಲ್ಲ, ಹೆದರಿಸೋದಿಲ್ಲ. ಚಿಯೊಂಗ್‌ಸಮ್ ಅನ್ನೋ ಚೀನೀ ಉಡುಪು ತೊಟ್ಟು, ಗುರುತೇ ಸಿಗದ ಊರಲ್ಲಿ ಕಾಯ್ತಾ ನಿಲ್ತಾಳೆ. ಆ ಕಣ್ಣಲ್ಲೇ ಇಡೀ ಕಥೆ ಇದೆ! ತೈವಾನ್‌ನ ಗೋಲ್ಡನ್ ಹಾರ್ಸ್, ಹಾಂಗ್‌ಕಾಂಗ್ ಫಿಲ್ಮ್ ಅವಾರ್ಡ್ ಎರಡರಲ್ಲೂ ಅತ್ಯುತ್ತಮ ನಟಿ ಪ್ರಶಸ್ತಿ ಬಂತು.

2003ರಲ್ಲಿ, ಅಕ್ಕನ ಜೀವ ತೆಗೆದಿದ್ದ ಗರ್ಭಕಂಠದ ಕ್ಯಾನ್ಸರ್ ತಮಗೂ ಬಂದಿದೆ ಅಂತ ಅವರೇ ಎಲ್ಲರೆದುರು ಹೇಳಿದ್ರು. ನವೆಂಬರ್‌ನಲ್ಲಿ ಹಾಂಗ್‌ಕಾಂಗ್ ಕೊಲಿಸಿಯಂನಲ್ಲಿ 8 ರಾತ್ರಿ ಹಾಡಿದ್ರು. ಮದುವೆಯಾಗದ ಅನಿತಾ ಬಿಳಿ ಮದುವೆ ಗೌನ್ ತೊಟ್ಟು, ವೇದಿಕೆಯನ್ನೇ ವರಿಸಿದ್ದೀನಿ ಅಂದ್ರು. ಡಿಸೆಂಬರ್ 30ಕ್ಕೆ ತೀರ್ಕೊಂಡ್ರು, 40ನೇ ವಯಸ್ಸಿಗೆ.

ಮೊದಲು ‘ರೂಜ್’ ನೋಡಿ, ಆಮೇಲೆ ಹಾಡು ಕೇಳಿ.