ನಿಂತ ಗಾಡಿಯಲ್ಲಿ ಸೋರುವ ವಿದ್ಯುತ್ತು

ರಾತ್ರಿ ನೆಟ್ಟಗಿದ್ದ ಮೋಟಾರು ಗಾಡಿ ಬೆಳಿಗ್ಗೆ ಕೀಲಿ ತಿರುಗಿಸಿದರೆ ಮಿಸುಕುವುದಿಲ್ಲ. ಕೂಡಲೇ ಎಲ್ಲರೂ ಕೊಡುವ ತೀರ್ಪು ಒಂದೇ: “ಬ್ಯಾಟರಿ ಹೋಯಿತು, ಹೊಸದು ಹಾಕಿಸಿ.” ಮಡಕೆಯಲ್ಲಿ ನೀರಿಲ್ಲವೆಂದ ಮಾತ್ರಕ್ಕೆ ಮಡಕೆ ಒಡೆದಿದೆಯೆನ್ನಬಹುದೆ? ರಾತ್ರಿಯಲ್ಲಿ ಯಾರೋ ಕುಡಿದಿರಲೂಬಹುದಲ್ಲವೆ?

ನಮ್ಮ ತಂದೆಯವರು ಸರಕು ಸಾಗಿಸುವ ಟೆಂಪೊ ಓಡಿಸುತ್ತಾರೆ. ಮನೆಯ ಊಟವೂ ನನ್ನ ಕಾಲೇಜಿನ ಶುಲ್ಕವೂ ಅದರಿಂದಲೇ ಬರತಕ್ಕವು. ಕಳೆದ ವರ್ಷ ಕೊಂಡ ಈ ಹಳೆಯ ಗಾಡಿ, ಭಾನುವಾರ ನಿಂತರೆ ಸೋಮವಾರ ಏಳುತ್ತಿರಲಿಲ್ಲ. ಹೊಸ ಬ್ಯಾಟರಿ ಹಾಕಿಸಿದ ಮೇಲೂ ಅದೇ ಕಥೆ. ಸಂತೆಯ ಬಾಡಿಗೆ ಎರಡು ಬಾರಿ ಕೈತಪ್ಪಿತು. ಆಗ ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಕಲಿತುಕೊಂಡುದನ್ನು ವಾಚಕರ ಮುಂದಿಡುತ್ತೇನೆ.

ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ನಿರ್ಮಿಸಿದನು. ಇಂದಿನ ಹೆಚ್ಚಿನ ಗಾಡಿಗಳಲ್ಲಿರುವುದು ಅದರ ಸಂತತಿಯೇ. ಪೂರ್ತಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟು ತೋರಿಸುತ್ತದೆ. 12ಕ್ಕಿಂತ ಕೆಳಗಿಳಿದರೆ ಬಹುತೇಕ ಬರಿದಾಯಿತೆಂದೇ ತಿಳಿಯಬೇಕು. ಎಂಜಿನ್ ಓಡುವಾಗ ಸುಮಾರು 14 ವೋಲ್ಟು ಬಂದರೆ ಆಲ್ಟರ್ನೇಟರು ಬ್ಯಾಟರಿಯನ್ನು ತುಂಬಿಸುತ್ತಿದೆ. ಇಷ್ಟೆಲ್ಲ ಸರಿಯಿದ್ದೂ ನಿಂತ ಗಾಡಿಯ ಬ್ಯಾಟರಿ ಬರಿದಾದರೆ ಎಲ್ಲಿಯೋ ಸೋರಿಕೆಯಿದೆ.

ಗಡಿಯಾರ ಮುಂತಾದವು ಗಾಡಿ ನಿಂತಾಗಲೂ ಸ್ವಲ್ಪ ವಿದ್ಯುತ್ತನ್ನು ಬಳಸುತ್ತವೆ. ಸುಮಾರು 50 ಮಿಲಿ ಆಂಪಿಯರಿನವರೆಗೆ ಚಿಂತೆಯಿಲ್ಲ. 35 ಆಂಪಿಯರ್-ಗಂಟೆಯ ಬ್ಯಾಟರಿ ಬರಿದಾಗಲು ಆ ಲೆಕ್ಕದಲ್ಲಿ 700 ಗಂಟೆ ಬೇಕು. ಸೋರಿಕೆ 500 ಮಿಲಿ ಆಂಪಿಯರಾದರೆ 70 ಗಂಟೆಯೇ ಸಾಕು. ಗಾಡಿ ಅದಕ್ಕೂ ಬಹಳ ಮುಂಚೆಯೇ ಮುಷ್ಕರ ಹೂಡುತ್ತದೆ.

ಪರೀಕ್ಷೆಯ ಕ್ರಮ ಹೀಗಿದೆ. ಕೀಲಿ ತೆಗೆದು, ದೀಪಗಳನ್ನು ಆರಿಸಿ, ಬಾಗಿಲು ಮುಚ್ಚಬೇಕು. ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಿ, ಆ ತುದಿಗೂ ತಂತಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರಿನ ಸ್ಥಾನದಲ್ಲಿಟ್ಟು ಜೋಡಿಸಬೇಕು. ಆಗ ಎಂಜಿನ್ ಚಾಲೂ ಮಾಡಲೇಬಾರದು. ಮೀಟರಿನ ಫ್ಯೂಸು ಸುಟ್ಟುಹೋದೀತು. ಹೊಸ ಗಾಡಿಗಳ ಎಲೆಕ್ಟ್ರಾನಿಕ್ ಭಾಗಗಳು ನಿದ್ರೆಹೋಗಲು ಅರ್ಧ ಗಂಟೆಯಾದರೂ ಕಾಯತಕ್ಕದ್ದು. ಆಮೇಲೂ ಅಂಕಿ ಹೆಚ್ಚಾಗಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು. ಯಾವುದನ್ನು ಕಿತ್ತಾಗ ಅಂಕಿ ತಟ್ಟನೆ ಇಳಿಯುವುದೋ ಕಳ್ಳನು ಆ ದಾರಿಯಲ್ಲಿದ್ದಾನೆ. ಯಾವುದಕ್ಕೂ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡುಗಳನ್ನು ಸಂಶಯಿಸಬೇಕು. ಅದರ ದಪ್ಪ ತಂತಿ ಸಾಮಾನ್ಯವಾಗಿ ಈ ಸಣ್ಣ ಫ್ಯೂಸುಗಳ ಮೂಲಕ ಹಾಯುವುದಿಲ್ಲ.

ನಮ್ಮ ಗಾಡಿಯಲ್ಲಿ ಮೀಟರು 480 ಮಿಲಿ ಆಂಪಿಯರ್ ತೋರಿಸಿತು. ಆರನೆಯ ಫ್ಯೂಸು ಕಿತ್ತೊಡನೆ 20ಕ್ಕಿಳಿಯಿತು. ಹಿಂದಿನ ಮಾಲೀಕರು ಹಾಕಿಸಿದ್ದ ಹಾಡಿನ ಪೆಟ್ಟಿಗೆಯ ಆಂಪ್ಲಿಫೈಯರು ಕೀಲಿಯ ಹಂಗಿಲ್ಲದೆ ಹಗಲಿರುಳೂ ಎಚ್ಚರವಾಗಿತ್ತು! ಅದರ ತಂತಿಯನ್ನು ಕೀಲಿಯ ಹಿಡಿತಕ್ಕೆ ತರಲು ಐದಾರು ಅಡಿ ತಂತಿ ಸಾಕಾಯಿತು.

ಸಾಧಾರಣ ಮಲ್ಟಿಮೀಟರಿಗೆ ಕೆಲವು ನೂರು ರೂಪಾಯಿ, ಬ್ಯಾಟರಿಗೆ ಕೆಲವು ಸಾವಿರ. ಅಳೆಯದೆ ಕೊಟ್ಟ ತೀರ್ಪಿನ ದಂಡವನ್ನು ದಿನದ ದುಡಿಮೆಯವರೇ ತೆರಬೇಕಾಗುತ್ತದೆ. ಆದುದರಿಂದ ಮಿತ್ರರು ಹೊಸದನ್ನು ಕೊಳ್ಳುವ ಮೊದಲು ಒಮ್ಮೆ ಅಳೆದು ನೋಡಲಿ.