ವಕೀಲಿಗೆ ಇಳಿಯುವ ಮೊದಲು

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಓದಿದವರು ಕಾನೂನು ಕಾಲೇಜು ಸೇರುವುದು ಈಗ ಹೊಸತೇನಲ್ಲ. ನಿಮ್ಮ ಮನೆಯಲ್ಲಿ ಅಂಥವರೊಬ್ಬರಿದ್ದರೆ ಈ ನಾಲ್ಕು ಮಾತು ಅವರ ಕಿವಿಗೂ ಬೀಳಲಿ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ. ಮನೆಯಲ್ಲೇ ಕುಳಿತು ಆನ್‌ಲೈನಿನಲ್ಲಿ ಎಲ್‌ಎಲ್‌ಬಿ ಮುಗಿಸಿ ಕೋಟು ಹಾಕಬಹುದೆಂದು ಕೆಲವರು ನಂಬಿದ್ದಾರೆ. ಆಗದು. ಅಂಚೆ ಅಥವಾ ದೂರಶಿಕ್ಷಣದ ಕಾನೂನು ಪದವಿಗೆ ಭಾರತೀಯ ವಕೀಲರ ಪರಿಷತ್ತು ಮಾನ್ಯತೆ ಕೊಡುವುದಿಲ್ಲ. ಪರಿಷತ್ತಿನ 2008ರ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದವರು 20 ವಾರ ತರಬೇತಿಗೆ ಹೋಗಲೇಬೇಕು. ಹಣ ಕಟ್ಟುವ ಮೊದಲು ಇದನ್ನು ವಿಚಾರಿಸಿಕೊಳ್ಳಿ.

ಹಾಗಾದರೆ ಆನ್‌ಲೈನ್ ಕಲಿಕೆ ಯಾತಕ್ಕೆ? ಪದವಿಗೂ ಕಚೇರಿಗೂ ನಡುವೆ ಇರುವ ಕಂದಕ ದಾಟುವುದಕ್ಕೆ. ಪರೀಕ್ಷೆಯಲ್ಲಿ ಒಪ್ಪಂದದ ಲಕ್ಷಣಗಳನ್ನು ಚೆನ್ನಾಗಿ ಬರೆದ ಹುಡುಗಿಗೆ ಹಿರಿಯ ವಕೀಲರ ಕಚೇರಿಯಲ್ಲಿ ಮೊದಲ ದಿನ ಸಿಗುವ ಕೆಲಸವೇ ಬೇರೆ: ಕಟ್ಟು ಬಿಚ್ಚಿ, ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಪುಟಸಂಖ್ಯೆ ಹಾಕಿ, ಸ್ಕ್ಯಾನ್ ಮಾಡಿ ಇ-ಫೈಲಿಂಗಿಗೆ ಸಿದ್ಧಮಾಡುವುದು. ಇಂದು ಪ್ರತಿ ದಾವೆಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದೆ. ಅದನ್ನು ಇ-ಕೋರ್ಟ್ಸ್ ತಾಣದಲ್ಲಿ ಕೊಟ್ಟರೆ ಮುಂದಿನ ವಾಯಿದೆ ಎಂದು, ಹಿಂದೆ ಏನು ಆದೇಶವಾಯಿತು ಎಂಬುದೆಲ್ಲ ಗೊತ್ತಾಗುತ್ತದೆ. ಇದನ್ನು ಯಾವ ವಿದ್ಯಾರ್ಥಿಯೂ ಮನೆಯಲ್ಲೇ ಕಲಿಯಬಹುದು, ಖರ್ಚೂ ಇಲ್ಲ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ವಾದಗಳು 2022ರ ಸೆಪ್ಟೆಂಬರಿನಿಂದ ನೇರ ಪ್ರಸಾರವಾಗುತ್ತಿವೆ. ಕೇಳಿ. ಆದರೆ ಕೇಳಿದ್ದರಿಂದಲೇ ವಾದ ಬರುವುದಿಲ್ಲ. ಯಕ್ಷಗಾನ ನೋಡಿದವರೆಲ್ಲ ಭಾಗವತರಾದರೇ?

ನಿಜವಾಗಿ ಉಪಯೋಗಕ್ಕೆ ಬರುವುದು ಬರೆದು ತಿದ್ದಿಸಿಕೊಳ್ಳುವ ಪಾಠ. ಗುರುಗಳು ಒಂದು ಜಗಳದ ಸಂಗತಿಯನ್ನು ಕೊಡುತ್ತಾರೆ, ನೀವು ವಾದಪತ್ರ ಬರೆದು ಕಳಿಸುತ್ತೀರಿ, ಅದು ಕೆಂಪು ಗೀಟುಗಳೊಡನೆ ಮರಳುತ್ತದೆ. ಮಂಜೇಶ್ವರದ ವಿದ್ಯಾರ್ಥಿಯ ಬರಹವನ್ನು ಎರ್ನಾಕುಳದ ವಕೀಲರು ತಿದ್ದಬಹುದು. ಆನ್‌ಲೈನಿನ ದೊಡ್ಡ ಲಾಭ ಇದೇ. ಬರಿಯ ಭಾಷಣ ಕೇಳಿಸಿ ಸರ್ಟಿಫಿಕೇಟು ಕೊಡುವ ಕೋರ್ಸುಗಳ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. 2024ರ ಜುಲೈ 1ರಿಂದ ದಂಡ ಸಂಹಿತೆ, ಸಾಕ್ಷ್ಯ ಕಾನೂನುಗಳೆಲ್ಲ ಹೊಸದಾಗಿವೆ. ಹಳೆಯ ಕಲಮುಗಳನ್ನೇ ಕಲಿಸುವ ಕೋರ್ಸಿದ್ದರೆ ಅದನ್ನು ಅಲ್ಲಿಗೇ ಬಿಟ್ಟುಬಿಡಿ.

ಇನ್ನು, ನಮ್ಮ ಕಡೆಯ ಮಕ್ಕಳ ಕೈಯಲ್ಲಿ ಮಾತ್ರ ಇರುವ ಒಂದು ಬಂಡವಾಳವಿದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯೊಳಗಿತ್ತು. ಹಾಗಾಗಿ ಅನೇಕ ಮನೆಗಳ ಮೂಲಗೇಣಿ, ಚಾಲಗೇಣಿ ಚೀಟುಗಳು ಕನ್ನಡದಲ್ಲಿವೆ. ಮೂಲಗೇಣಿ ಎಂದರೆ ಶಾಶ್ವತ ಒಕ್ಕಲು, ಚಾಲಗೇಣಿ ವರ್ಷದಿಂದ ವರ್ಷಕ್ಕೆ ನಡೆಯುವಂಥದು. 1970ರ ಜನವರಿ 1ರಂದು ಕೇರಳದ ಭೂಸುಧಾರಣೆಯಲ್ಲಿ ಗೇಣಿ ಪದ್ಧತಿಯೇ ಕೊನೆಗೊಂಡು, ಒಕ್ಕಲುಗಳಿಗೆ ಲ್ಯಾಂಡ್ ಟ್ರಿಬ್ಯೂನಲಿನಿಂದ ಪಟ್ಟೆ ಸಿಕ್ಕಿತು. ಇಂದು ಒಂದು ಅಡಿಕೆ ತೋಟದ ಹಕ್ಕಿನ ಮೂಲ ಹುಡುಕಹೊರಟರೆ ಮಲಯಾಳದ ಪಟ್ಟೆಯಿಂದ ಹಿಂದೆ ಸರಿದು, ಕನ್ನಡದ ಮೋಡಿ ಬರಹದ ಚೀಟಿನ ತನಕ ಹೋಗಬೇಕಾದೀತು. ಅದನ್ನು ಓದಬಲ್ಲವರು ಕಚೇರಿಯಲ್ಲಿ ಯಾರೂ ಇಲ್ಲದಿದ್ದರೆ ಬಡ ಕಕ್ಷಿದಾರನ ಆಧಾರವೇ ಕೈತಪ್ಪಿದಂತೆ.

ಈ ಓದನ್ನು ಯಾವ ಆನ್‌ಲೈನ್ ಕೋರ್ಸಿನಲ್ಲೂ ಹುಡುಕಬೇಡಿ. ಅಜ್ಜನ ಪೆಟ್ಟಿಗೆಯ ಕಾಗದಗಳ ಫೋಟೊ ತೆಗೆದು, ಬಲ್ಲ ಹಿರಿಯರ ಹತ್ತಿರ ಕೂತು ಅಕ್ಷರ ಬಿಡಿಸಿಕೊಳ್ಳಿ, ಇಂಗ್ಲಿಷಿಗೆ ಅನುವಾದಿಸಿ ನೋಡಿ. ಮೂಲ ಕಾಗದವನ್ನು ಮಾತ್ರ ಇದ್ದಲ್ಲಿಂದ ಕದಲಿಸಬೇಡಿ: ಮೂವತ್ತು ವರ್ಷ ದಾಟಿದ ದಸ್ತಾವೇಜು ಇರಬೇಕಾದವರ ಸುಪರ್ದಿಯಿಂದಲೇ ಬಂದರೆ, ಅದರ ಸಹಿ ಬರಹಗಳು ಸಾಚಾ ಎಂದು ನ್ಯಾಯಾಲಯ ಭಾವಿಸಬಹುದು.