ಲೈಟ್ ಬಿಲ್ಲಿನಲ್ಲಿ ದೀಪದ ಪಾಲೆಷ್ಟು?

ನಮ್ಮ ಸೋದರತ್ತೆಯವರು ಮೈಸೂರಿನಲ್ಲಿ ಒಬ್ಬರೇ ವಾಸವಾಗಿದ್ದಾರೆ. ವಯಸ್ಸು ಎಪ್ಪತ್ತಾರು, ಕೈಕಾಲು ಗಟ್ಟಿ, ಕಣ್ಣು ಮಾತ್ರ ಮಂದ. ಕಳೆದ ಚಳಿಗಾಲದ ಒಂದು ರಾತ್ರಿ ನಡುಮನೆಯಿಂದ ಬಚ್ಚಲಿಗೆ ಹೋಗುವಾಗ ಕತ್ತಲಲ್ಲಿ ಹೊಸ್ತಿಲನ್ನೆಡವಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ನೋಡಲು ಹೋದಾಗ, “ಅತ್ತೆ, ಒಂದು ದೀಪ ಉರಿಯಲು ಬಿಡಬಾರದಾಗಿತ್ತೆ?” ಎಂದು ಕೇಳಿದೆ. “ರಾತ್ರಿಯೆಲ್ಲ ಉರಿದರೆ ಲೈಟ್ ಬಿಲ್ಲು ಕಟ್ಟುವವರು ಯಾರಪ್ಪ? ತಿಂಗಳು ತಿಂಗಳೂ ಏರುತ್ತಲೇ ಇದೆ” ಎಂದರು. ಅವರು ಹೀಗೆ ಹೇಳುತ್ತಿದ್ದಾಗ ಬಚ್ಚಲಿನಲ್ಲಿ ಗೀಸರಿನ ಕೆಂಪು ದೀಪ ಹೊಳೆಯುತ್ತಿತ್ತು. ಸ್ನಾನ ಮುಗಿದು ಐದು ಗಂಟೆಗಳಾಗಿದ್ದುವು.

ನಮ್ಮ ಜನ ವಿದ್ಯುತ್ತಿನ ಲೆಕ್ಕಕ್ಕೆ ‘ಲೈಟ್ ಬಿಲ್ಲು’ ಎಂದೂ ಅದರ ಕಂಬಕ್ಕೆ ‘ಲೈಟ್ ಕಂಬ’ ಎಂದೂ ಹೆಸರಿಟ್ಟದ್ದು ಸಕಾರಣವಾಗಿಯೇ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳ ಯಂತ್ರಗಳಿಗಾದರೂ, ಸಾಮಾನ್ಯರ ಮನೆಯೊಳಕ್ಕೆ ಅದು ಬಂದದ್ದು ದೀಪವಾಗಿಯೇ. ಅತ್ತೆಯವರ ಬಾಲ್ಯದ ಮನೆಯಲ್ಲಿ ೬೦ ವಾಟಿನ ನಾಲ್ಕು ಬುರುಡೆ ದೀಪಗಳು ಸಂಜೆ ಐದು ಗಂಟೆ ಕಾಲ ಉರಿದರೆ ೧.೨ ಯೂನಿಟ್ ವೆಚ್ಚವಾಗುತ್ತಿತ್ತು. ವಿದ್ಯುತ್ತನ್ನು ಬಳಸುವ ಬೇರೆ ಸಾಧನ ಮನೆಯಲ್ಲಿರಲಿಲ್ಲ. ದೀಪವೆಂದರೆ ಬಿಲ್ಲು, ಬಿಲ್ಲೆಂದರೆ ದೀಪ. ‘ದೀಪ ಆರಿಸು’ ಎಂಬ ಹಿರಿಯರ ಮಾತು ಅಂದಿಗೆ ಶುದ್ಧ ಅರ್ಥಶಾಸ್ತ್ರವಾಗಿತ್ತು. ಆ ಬುರುಡೆಯ ತಂತಿಯು ತಾನು ಪಡೆದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚನ್ನು ಶಾಖವಾಗಿ ಹೊರಚೆಲ್ಲುತ್ತಿತ್ತು. ಇಂದು ಅಷ್ಟೇ ಬೆಳಕನ್ನು ೯ ವಾಟಿನ ಎಲ್.ಇ.ಡಿ. ದೀಪ ಕೊಡುತ್ತದೆ. ದೀಪ ಬದಲಾಯಿತು, ಹಿರಿಯರ ಮನಸ್ಸಿನ ಲೆಕ್ಕ ಬದಲಾಗಲಿಲ್ಲ.

ಹಾಗಾದರೆ ಬಿಲ್ಲನ್ನು ಏರಿಸುವವರು ಯಾರು? ಶಾಖ. ಒಂದು ಬಕೆಟ್ ನೀರನ್ನು ತೆಗೆದುಕೊಳ್ಳೋಣ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು ೪,೨೦೦ ಜೌಲ್ ಶಕ್ತಿ ಬೇಕೆಂಬುದು ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ೨೦ ಲೀಟರ್ ನೀರನ್ನು ೨೪ ಡಿಗ್ರಿಯಿಂದ ೪೦ ಡಿಗ್ರಿಗೆ ಕಾಯಿಸಲು ೧೩,೪೪,೦೦೦ ಜೌಲ್ ಬೇಕಾಗುತ್ತದೆ. ಒಂದು ಯೂನಿಟ್, ಅಂದರೆ ಒಂದು ಕಿಲೋವಾಟ್-ಗಂಟೆ, ೩೬ ಲಕ್ಷ ಜೌಲಿಗೆ ಸಮ. ಆದ್ದರಿಂದ ಒಂದು ಸ್ನಾನಕ್ಕೆ ೦.೩೭ ಯೂನಿಟ್. ಇದು ಎಷ್ಟು ದೊಡ್ಡ ಮೊತ್ತವೆಂದರೆ, ಅದೇ ಶಕ್ತಿಯನ್ನು ಎತ್ತುವ ಕೆಲಸಕ್ಕೆ ಹಚ್ಚಿದ್ದರೆ ಆ ಬಕೆಟ್ಟನ್ನು ೬,೮೦೦ ಮೀಟರಿಗೂ ಮೇಲಕ್ಕೆ ಒಯ್ಯಬಹುದಾಗಿತ್ತು! ನೀರನ್ನು ಮಾಳಿಗೆಯ ತೊಟ್ಟಿಗೆ ಏರಿಸುವ ಪಂಪು ಅಗ್ಗವೆನಿಸಿ, ಅದೇ ನೀರನ್ನು ಕಾಯಿಸುವ ಗೀಸರು ದುಬಾರಿಯೆನಿಸುವ ರಹಸ್ಯ ಇಲ್ಲಿದೆ. ೯ ವಾಟಿನ ದೀಪವಾದರೋ ೦.೩೭ ಯೂನಿಟ್ಟಿನಲ್ಲಿ ನಾಲ್ಕು ರಾತ್ರಿ ಉರಿಯಬಲ್ಲದು.

ಹಾಗೆಂದು ವೃದ್ಧರು ತಣ್ಣೀರು ಸ್ನಾನ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಸ್ನಾನಕ್ಕೆ ತಗಲುವ ಶಾಖ ದಂಡವಲ್ಲ. ಯಾರೂ ಸ್ನಾನ ಮಾಡದಿರುವಾಗ ಸೋರಿಹೋಗುವುದು ದಂಡ. ಅತ್ತೆಯವರ ಗೀಸರು ೨೫ ಲೀಟರಿನದು. ಮಗ ತನ್ನ ಮನೆಯಿಂದ ತಂದು ಹಾಕಿಸಿದ ಹಳೆಯ ಸರಕು. ಪೆಟ್ಟಾದ ಮೇಲೆ ಅತ್ತೆ ನಮ್ಮಲ್ಲಿ ಒಂದು ವಾರವಿದ್ದರು. ಆಗ ಪಿ.ಯು.ಸಿ. ಓದುತ್ತಿರುವ ಅವರ ಮೊಮ್ಮಗಳೂ ನಾನೂ ಆ ಮನೆಯ ಫ್ರಿಜ್ಜನ್ನು ಬರಿದುಮಾಡಿ, ಟಿ.ವಿ.ಯ ಪ್ಲಗ್ಗು ಕಿತ್ತು, ಗೀಸರೊಂದನ್ನೇ ಹಾಕಿ, ನೀರು ಕಾದ ಮೇಲೆ ಮೀಟರನ್ನು ಬರೆದುಕೊಂಡು ಬಂದೆವು. ಇಪ್ಪತ್ತನಾಲ್ಕು ಗಂಟೆಗಳ ನಂತರ ನೋಡಿದರೆ ಒಂದು ತಂಬಿಗೆ ನೀರನ್ನೂ ಬಳಸದೆ ೦.೯ ಯೂನಿಟ್ ಓಡಿತ್ತು. ತಿಂಗಳಿಗೆ ೨೭ ಯೂನಿಟ್. ರಾತ್ರಿ ಹತ್ತು ಗಂಟೆ ಉರಿಯುವ ೯ ವಾಟಿನ ದೀಪಕ್ಕೆ ತಿಂಗಳಿಗೆ ೨.೭ ಯೂನಿಟ್. ಅತ್ತೆ ಒಂದನ್ನು ಉಳಿಸಲು ಬಿದ್ದರು. ಅದರ ಹತ್ತರಷ್ಟು ಬಚ್ಚಲಿನಲ್ಲಿ ಸೋರುತ್ತಿತ್ತು.

‘ಪದೇ ಪದೇ ಹಾಕಿ ಆರಿಸುವುದಕ್ಕಿಂತ ಸದಾ ಕಾದಿರಲು ಬಿಡುವುದೇ ಅಗ್ಗ’ ಎಂಬ ನಂಬಿಕೆ ಓದಿದವರಲ್ಲಿಯೂ ಇದೆ. ಇದು ತಪ್ಪು. ತೊಟ್ಟಿಯಿಂದ ಹೊರಗೆ ಹರಿಯುವ ಶಾಖವು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅನುಸರಿಸುತ್ತದೆ. ಆರಿಸಿದ ಗೀಸರು ತಣಿದಂತೆಲ್ಲ ಸೋರಿಕೆಯೂ ಇಳಿಯುತ್ತದೆ. ಹಾಕಿಯೇ ಇಟ್ಟದ್ದು ಪೂರ್ಣ ವೇಗದಲ್ಲಿ ಸೋರುತ್ತಲೇ ಇರುತ್ತದೆ. ಮತ್ತೆ ಕಾಯಿಸುವಾಗ ತುಂಬಬೇಕಾದುದು ಸೋರಿದಷ್ಟನ್ನೇ ಹೊರತು ಅದಕ್ಕಿಂತ ಹೆಚ್ಚನ್ನಲ್ಲ. ೨,೦೦೦ ವಾಟಿನ ಗೀಸರು ೨೫ ಲೀಟರನ್ನು ೨೪ ಡಿಗ್ರಿಯಿಂದ ೬೦ ಡಿಗ್ರಿಗೆ ಏರಿಸಲು ಅರ್ಧ ಗಂಟೆ ಸಾಕು.

ಈ ಪರೀಕ್ಷೆಯನ್ನು ಯಾವ ವಿದ್ಯಾರ್ಥಿಯಾದರೂ ತನ್ನ ಅಜ್ಜಿಯ ಮನೆಯಲ್ಲಿ ಮಾಡಬಹುದು. ಇಂದಿನ ಮೀಟರುಗಳ ಮೇಲೆ ಮಿನುಗುವ ಒಂದು ಕೆಂಪು ಚುಕ್ಕೆಯಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆಂಬುದನ್ನು ಪಕ್ಕದಲ್ಲಿ ಅಚ್ಚುಮಾಡಿರುತ್ತಾರೆ. ಆ ಸಂಖ್ಯೆ ೩,೨೦೦ ಎಂದಿದ್ದರೆ, ಎರಡು ಮಿನುಗುಗಳ ನಡುವಣ ಸೆಕೆಂಡುಗಳಿಂದ ೧,೧೨೫ನ್ನು ಭಾಗಿಸಿರಿ. ಬಂದ ಉತ್ತರವೇ ಆ ಕ್ಷಣದಲ್ಲಿ ಮನೆ ಸೆಳೆಯುತ್ತಿರುವ ವಾಟುಗಳು. (ಸಂಖ್ಯೆ ಬೇರೆಯಾಗಿದ್ದರೆ ೩೬ ಲಕ್ಷವನ್ನು ಅದರಿಂದ ಭಾಗಿಸಿ ೧,೧೨೫ರ ಬದಲು ಬಳಸಬೇಕು.) ೯ ವಾಟಿನ ದೀಪವೊಂದೇ ಇದ್ದರೆ ಎರಡು ನಿಮಿಷಕ್ಕೂ ಮಿಕ್ಕಿ ಕಾಯಬೇಕು. ೭೫ ವಾಟಿನ ಫ್ಯಾನಿಗೆ ಹದಿನೈದು ಸೆಕೆಂಡು. ಗೀಸರು ಹಾಕಿದೊಡನೆ ಚುಕ್ಕೆ ಸೆಕೆಂಡಿಗೆ ಎರಡು ಸಲದಂತೆ ಬಡಿದುಕೊಳ್ಳುತ್ತದೆ. ಅತ್ತೆಯವರು ಊರಿಗೆ ಮರಳಿದ ದಿನ ಮೊಮ್ಮಗಳು ಅವರನ್ನು ಮೀಟರಿನ ಮುಂದೆ ಕುರ್ಚಿ ಹಾಕಿ ಕೂರಿಸಿ ಇದನ್ನು ತೋರಿಸಿದಳು. ನನ್ನ ಅರ್ಧ ಗಂಟೆಯ ಉಪನ್ಯಾಸ ಮಾಡದ ಕೆಲಸವನ್ನು ಆ ಚುಕ್ಕೆ ಮಾಡಿತು.

ಯೂನಿಟ್ಟು ರೂಪಾಯಿಯಾಗುವ ಬಗೆಯನ್ನೂ ತಿಳಿಯಬೇಕು. ಕರ್ನಾಟಕದಲ್ಲಿ ೨೦೨೩ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಂತೆ, ಮನೆಯ ೨೦೨೨-೨೩ರ ಸರಾಸರಿ ಬಳಕೆಗೆ ಶೇಕಡ ೧೦ ಸೇರಿಸಿ ಉಚಿತ ಮಿತಿಯನ್ನು ಗೊತ್ತುಮಾಡಿದರು. ಮೀರಿದ್ದಕ್ಕೆ ಹಣ ತೆರಬೇಕು, ೨೦೦ ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಅತ್ತೆಯವರ ಸರಾಸರಿ ೮೦, ಮಿತಿ ೮೮. ಆಗ ಅವರದು ಸೌದೆಯ ಹಂಡೆ; ಗೀಸರು ಬಂದದ್ದು ಆಮೇಲೆ. ಈಗಿನ ಬಳಕೆ ೧೧೮ ಯೂನಿಟ್, ಮೀರಿಕೆ ೩೦. ಅದರಲ್ಲಿ ೨೭ ಎಲ್ಲಿ ಹೋಗುತ್ತಿತ್ತೆಂಬುದು ತಿಳಿಯಿತಷ್ಟೆ.

ಫ್ಯಾನಿನ ವಿಷಯ ಎರಡು ಮಾತು. ದಿನಕ್ಕೆ ಹದಿನಾಲ್ಕು ಗಂಟೆ ತಿರುಗುವ ೭೫ ವಾಟಿನ ಫ್ಯಾನಿನ ಬದಲು ೩೦ ವಾಟಿನ ಹೊಸ ಬಗೆಯ ಬಿ.ಎಲ್.ಡಿ.ಸಿ. ಫ್ಯಾನು ಹಾಕಿದರೆ ತಿಂಗಳಿಗೆ ಸುಮಾರು ೧೯ ಯೂನಿಟ್ ಉಳಿಯುತ್ತದೆ. ಬಳಕೆ ಹೆಚ್ಚಿರುವ ಮನೆಗೆ ಇದು ಒಳ್ಳೆಯ ವ್ಯಾಪಾರ. ಅತ್ತೆಯವರಿಗೆ ನಾನು ಹೇಳಲಿಲ್ಲ. ಗೀಸರಿನ ಸೋರಿಕೆ ನಿಂತರೆ ಬಳಕೆ ಹೆಚ್ಚುಕಡಮೆ ಮಿತಿಗೇ ಇಳಿಯುತ್ತದೆ, ಆ ಮೇಲೆ ಉಳಿಸಿದ ಯೂನಿಟ್ಟು ಕೊಟ್ಟ ದುಡ್ಡನ್ನು ಮರಳಿಸದು.

ಇಷ್ಟೆಲ್ಲ ತಿಳಿಸಿ ಬಂದರೂ ಮುಂದಿನ ವಾರ ಹೋದಾಗ ಗೀಸರಿನ ಕೆಂಪು ದೀಪ ಮತ್ತೆ ಹೊಳೆಯುತ್ತಿತ್ತು. ನನಗೆ ಸ್ವಲ್ಪ ಸಿಟ್ಟೇ ಬಂದಿತು. ಅತ್ತೆ ಮಾತನಾಡದೆ ಗೋಡೆಯತ್ತ ಕೈ ತೋರಿದರು. ಸ್ವಿಚ್ಚು ಅವರ ತಲೆಗಿಂತ ಒಂದು ಮೊಳ ಮೇಲಿತ್ತು. “ದಿನಾ ಬೆಳಿಗ್ಗೆ ಕೆಲಸದವಳು ಬಂದು ಹಾಕಿ ಹೋಗುತ್ತಾಳೆ. ಆರಿಸಬೇಕಾದರೆ ಸ್ಟೂಲು ಹತ್ತಬೇಕು. ಒಂದು ಕೈ ಮುರಿದದ್ದು ಸಾಲದೇನೋ?” ಎಂದರು. ಭೌತಶಾಸ್ತ್ರದ ಉಪನ್ಯಾಸಕನಾದ ನಾನು ಅಷ್ಟು ದಿನ ಗೋಡೆಯನ್ನೇ ನೋಡಿರಲಿಲ್ಲ! ಅಂದೇ ಎಲೆಕ್ಟ್ರಿಷಿಯನ್ನನನ್ನು ಕರೆಸಿ ಸ್ವಿಚ್ಚನ್ನು ಬಚ್ಚಲ ಬಾಗಿಲಿನ ಹೊರಗೆ, ಎದೆಯ ಮಟ್ಟಕ್ಕೆ ಇಳಿಸಿದ್ದಾಯಿತು. ಹೊಸ್ತಿಲ ಬಳಿಯ ದೀಪ ಈಗ ರಾತ್ರಿಯೆಲ್ಲ ಉರಿಯುತ್ತದೆ.

ಹತ್ತು ದಿನಗಳ ನಂತರ ಅತ್ತೆಯವರಿಂದ ಫೋನು ಬಂದಿತು. “ಎಲ್ಲ ಆರಿಸಿದ್ದೇನೆ ಕಣೋ, ಫ್ರಿಜ್ಜನ್ನೂ. ಆದರೂ ಎರಡು ನಿಮಿಷದೊಳಗೆ ಚುಕ್ಕೆ ಮಿನುಗುತ್ತದೆ. ನೂರಾ ಹನ್ನೆರಡು ಎಣಿಸಿದೆ. ಯಾರದು?” ಲೆಕ್ಕ ಹಾಕಿದೆ: ಹತ್ತು ವಾಟು. ಟಿ.ವಿ.ಯನ್ನು ರಿಮೋಟಿನಿಂದ ಮಾತ್ರ ಆರಿಸಿ, ಅದರ ಸೆಟ್‌ಟಾಪ್ ಪೆಟ್ಟಿಗೆಯನ್ನು ಗೋಡೆಯ ಸ್ವಿಚ್ಚಿನಲ್ಲಿ ಹಾಗೆಯೇ ಬಿಟ್ಟಿದ್ದರು. ದಿನಕ್ಕೆ ಇಪ್ಪತ್ತು ಗಂಟೆ, ತಿಂಗಳಿಗೆ ಆರು ಯೂನಿಟ್. “ಅದನ್ನೂ ಕಿತ್ತೆ” ಎಂದು ಹೇಳಿ, ಮತ್ತೆ ಎಣಿಸಲು ಹೋದರು.